ಡೋನಲ್ ಕ್ರೌಲಿಯ ಎಂಜಿನ್

ಹದಿನೇಳು ವರ್ಷಗಳ ಹಿಂದೆ, ಐರ್ಲೆಂಡಿನ ಕಾರ್ಕ್ ಊರಿನ ಆಸ್ಪತ್ರೆಯೊಂದರಲ್ಲಿ, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಶಿವಪ್ರಕಾಶ್ ಒಬ್ಬ ಮುದುಕನಿಗೆ ಮಾತು ಕೊಟ್ಟಿದ್ದ. ಮುದುಕನ ಹೆಸರು ಡೋನಲ್ ಕ್ರೌಲಿ. ಶಿವಪ್ರಕಾಶ್ ಆ ಊರಿನ ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಆರು ವರ್ಷವೂ ಡೋನಲ್‌ನ ಮನೆ ಮಹಡಿಯಲ್ಲೇ ಬಾಡಿಗೆಗಿದ್ದ. ಡೋನಲ್ ಹದಿನೆಂಟರ ವಯಸ್ಸಿಗೇ ಕಾರ್ಕ್ ಬಂದರಿನ ರೈಲು ಯಾರ್ಡಿನಲ್ಲಿ ಪುಟ್ಟ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದವನು. ನಿವೃತ್ತನಾದ ಮೇಲೆ ಅದೇ ಎಂಜಿನ್ನಿನ ಮಾದರಿಯನ್ನು, ಹಿತ್ತಾಳೆ ತಗಡು ಕತ್ತರಿಸಿ, ಮೂರು ಚಳಿಗಾಲ ಕೂತು ಕೈಯಾರೆ ಮಾಡಿದ್ದ. ಅಂಗೈ ಮೇಲೆ ಕೂರುವಷ್ಟು ಸಣ್ಣದು, ಒಳಗೊಂದು ಪುಟ್ಟ ಮೋಟರು.

"ಈಫಾ ದೊಡ್ಡವಳಾಗಲಿ. ಅವಳ ಕಣ್ಣೆದುರು ಇದನ್ನು ಇದರ ಕಾಲದ ವ್ಯಾಗನ್‌ಗಳ ಜೊತೆ ಒಂದು ಸುತ್ತು ಓಡಿಸು. ಆಮೇಲೆ ಅವಳ ಕೈಗೇ ಕೊಡು. ನನ್ನ ಮಗನ ಕೈಗೆ ಸಿಕ್ಕರೆ ಮಾರಿಬಿಡುತ್ತಾನೆ" ಎಂದಿದ್ದ ಡೋನಲ್. ಅವನ ಮೊಮ್ಮಗಳು ಈಫಾಗೆ ಆಗ ಐದು ವರ್ಷ. ಶಿವಪ್ರಕಾಶ್ "ಆಗಲಿ" ಎಂದಿದ್ದ.

ಆ ಮಾತು ತೀರಬೇಕಾದ ದಿನ ಫೆಬ್ರವರಿಯ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ ಎಂದು ನಿಗದಿಯಾಗಿತ್ತು. ಅದೇ ಬೆಳಗ್ಗೆ ಎಂಟಕ್ಕೆ, ನ್ಯೂಯಾರ್ಕಿನ ಹತ್ತಿರದ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ, ಶಿವಪ್ರಕಾಶ್ ಮೊಣಕಾಲುದ್ದ ಹಿಮ ತುಳಿದುಕೊಂಡು ಮೂರು ಮನೆ ದಾಟಿ ಬಂದು ಹಂಸಾಳ ಬಾಗಿಲು ಬಡಿದ.

ಹಂಸಾ ಒಂದು ವಾರದ ಬಟ್ಟೆ ಮಡಚುತ್ತಿದ್ದಳು. ವಾರದ ಐದು ದಿನ ಜರ್ಸಿ ಸಿಟಿಯ ಆಫೀಸು, ಶನಿವಾರ ಮಕ್ಕಳ ಕ್ಲಾಸುಗಳು, ಭಾನುವಾರ ಬಟ್ಟೆ; ಹಿಮ ಬಿದ್ದರೂ ಬಿಡದ ಸರದಿ.

"ಅಂಕಲ್ ಎದ್ದಿದ್ದಾರಾ?" ಎಂದ ಶಿವಪ್ರಕಾಶ್. ಟೋಪಿ ಹಾಕಿಕೊಳ್ಳುವುದನ್ನೂ ಮರೆತಿದ್ದ. "ಎಂಜಿನ್ ಇಲ್ಲ ಹಂಸಾ. ಡೋನಲ್‌ದು. ಗಾಜಿನ ಬೀರು ಖಾಲಿ."

ಅಂಕಲ್ ಎಂದರೆ ಹಂಸಾಳ ಮಾವ ನಂಜುಂಡಸ್ವಾಮಿಯವರು. ಮೈಸೂರು ಡಿವಿಜನ್ನಿನಲ್ಲಿ ಮೂವತ್ತಾರು ವರ್ಷ ಸಿಗ್ನಲ್ ಇನ್ಸ್‌ಪೆಕ್ಟರ್ ಆಗಿದ್ದವರು. ಕೆಂಡಲ್ ಪಾರ್ಕಿನಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಕಾರು ಬೇಕು. ಅವರಿಗೆ ಡ್ರೈವಿಂಗ್ ಬಾರದು. ಆದ್ದರಿಂದ ವರ್ಷದ ಬಹುಪಾಲು ಅವರು ಕಿಟಕಿಯ ಪಕ್ಕವೇ ಇರುತ್ತಿದ್ದರು, ಕಣ್ಣಿಗೆ ಬಿದ್ದದ್ದನ್ನೆಲ್ಲ ನೆನಪಿಡುತ್ತಿದ್ದರು. ನೆರೆಯ ಶೈಲಮ್ಮನವರ ಕಳೆದುಹೋದ ಗ್ರೀನ್ ಕಾರ್ಡನ್ನು ಅವರದೇ ಪಂಚಾಂಗದೊಳಗಿಂದ ತೆಗೆದುಕೊಟ್ಟ ಮೇಲೆ ಸುತ್ತಲಿನ ಕನ್ನಡದ ಮನೆಗಳಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಇವರ ನೆನಪಾಗುತ್ತಿತ್ತು. ಕರೆದುಕೊಂಡು ಹೋಗಿ ಬರುವ ಕೆಲಸ ಹಂಸಾಳದು.

"ಬಟ್ಟೆ ಎಲ್ಲೂ ಓಡಿಹೋಗಲ್ಲ, ಬಾಮ್ಮ" ಎಂದರು ನಂಜುಂಡಸ್ವಾಮಿ, ಮಗನ ದಪ್ಪ ಜಾಕೆಟ್ಟಿಗೆ ಕೈ ತೂರಿಸುತ್ತ.

"ಅದೇ ನನ್ನ ಕಷ್ಟ ಮಾವ" ಎಂದಳು ಹಂಸಾ. ಮಕ್ಕಳನ್ನು ಅತ್ತೆಗೆ ಒಪ್ಪಿಸಿ ಬೂಟು ಹಾಕಿಕೊಂಡಳು.

ದಾರಿಯಲ್ಲಿ ಶಿವಪ್ರಕಾಶ್ ನಡೆದದ್ದು ಹೇಳಿದ. ಈಫಾ ನ್ಯೂಯಾರ್ಕಿನಲ್ಲಿ ಓದು ಮುಗಿಸಿ ಇವತ್ತು ರಾತ್ರಿಯ ಫ್ಲೈಟಿಗೆ ಊರಿಗೆ ವಾಪಸು ಹೊರಡುತ್ತಾಳೆ. ನಿನ್ನೆ ಮನೆಯ ಬೇಸ್‌ಮೆಂಟಿನ ಮಾದರಿ ರೈಲಿನ ಮೇಜಿನ ಮೇಲೆ ಅದನ್ನು ಓಡಿಸುವ ರಿಹರ್ಸಲ್ ಇಟ್ಟುಕೊಂಡಿದ್ದರು. ಇಬ್ಬರು ಗೆಳೆಯರು ಬಂದಿದ್ದರು: ರೈಲಿನ ಕಂಟ್ರೋಲ್ ವ್ಯವಸ್ಥೆ ಮಾಡಿಕೊಟ್ಟ ಜರ್ಸಿ ಸಿಟಿಯ ಅಮರೇಶ್ವರ, ಹಳೆಯ ಕಾಲದ ಬೋಗಿ ವ್ಯಾಗನ್ ಹುಡುಕಿ ತಂದುಕೊಡುವ ಫೋರ್ಟ್ ಲೀಯ ಸುಬ್ಬು. ಸಂಜೆ ಹೊತ್ತಿಗೆ ವಿಪರೀತ ಹಿಮ ಬಿದ್ದು ರಸ್ತೆ ಮೇಲೆ ವಾಹನ ಇಳಿಸಬಾರದೆಂದು ಸರ್ಕಾರದ ಆದೇಶ ಬಂತು. ಇಬ್ಬರೂ ಅಲ್ಲೇ ಉಳಿದರು. ಅವರು, ತಾನು, ಹೆಂಡತಿ ಕಲಾ. ಬೇರೆ ಯಾರೂ ಇಲ್ಲ.

ನಂಜುಂಡಸ್ವಾಮಿ ಮನೆಯ ಮುಂದೆ ನಿಂತು ಸುತ್ತ ನೋಡಿದರು. ಹಿಮದ ಮೇಲೆ ಶಿವಪ್ರಕಾಶನ ಹೆಜ್ಜೆ ಬಿಟ್ಟರೆ ಒಂದು ಗೆರೆಯೂ ಇರಲಿಲ್ಲ.

"ಹಾಗಾದ್ರೆ ಎಂಜಿನ್ ಒಳಗೇ ಇದೆ. ತೆಗೆದೋರೂ ಒಳಗೇ ಇದಾರೆ" ಎಂದರು.

ಒಳಗೆ ಗಾಳಿಯೇ ಬಿಗಿದುಕೊಂಡಂತಿತ್ತು. ಸುಬ್ಬು ಲಿವಿಂಗ್ ರೂಮಿನ ಸೋಫಾದಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಆ ಎಂಜಿನ್ ತನಗೆ ಕೊಡೆಂದು ಅವನು ನಾಲ್ಕು ವರ್ಷದಿಂದ ಗೋಗರೆದದ್ದು ಎಲ್ಲರಿಗೂ ಗೊತ್ತು. ಅದಕ್ಕೇ ಶಿವಪ್ರಕಾಶ್ ಅವನ ಬ್ಯಾಗು ಕೊಡವಿ ನೋಡಿದ್ದ, ಬೆಳಗ್ಗೆಯಿಂದ ಬೇಸ್‌ಮೆಂಟಿಗೂ ಬಿಟ್ಟಿರಲಿಲ್ಲ.

"ನನ್ನ ಚಡ್ಡಿನೂ ಎಣಿಸಿದಾರೆ ಅಂಕಲ್" ಎಂದ ಸುಬ್ಬು. "ರಸ್ತೆ ಓಪನ್ ಆಗೋ ತನಕ ನಾನಿಲ್ಲಿ ಕೈದಿ."

ಕಲಾ ಅಡುಗೆಮನೆಯಿಂದ ಕಾಫಿ ತಂದಳು. ಕಣ್ಣು ನಿದ್ದೆಗೆಟ್ಟಿದ್ದವು. "ನೀವಾದ್ರೂ ಹೇಳಿ ಅಂಕಲ್. ಆ ಹುಡುಗಿಗೆ ಫೋನ್ ಮಾಡಿ ಈ ಸ್ನೋನಲ್ಲಿ ಬರಬೇಡ ಅಂದ್ರೆ ಆಗಲ್ವಾ? ಸಿಕ್ಕಿದ ಮೇಲೆ ಪೋಸ್ಟ್‌ನಲ್ಲಿ ಕಳಿಸಿದ್ರಾಯ್ತು."

"ಕೈಗೆ ಕೊಡ್ತೀನಿ ಅಂದಿದೀನಿ ಕಲಾ" ಎಂದ ಶಿವಪ್ರಕಾಶ್. "ಎಷ್ಟು ಸಲ ಹೇಳಲಿ."

ಬೇಸ್‌ಮೆಂಟಿನ ಮೇಲ್ಗಿಟಕಿಗಳನ್ನು ಹಿಮ ಮುಚ್ಚಿತ್ತು. ಟ್ಯೂಬ್‌ಲೈಟಿನ ಬೆಳಕಲ್ಲಿ, ಗೋಡೆಯಿಂದ ಗೋಡೆಗೆ ಹಾಸಿದ ಮೇಜಿನ ಮೇಲೆ, ಡೋನಲ್ ಆ ಎಂಜಿನ್ನಿನಲ್ಲಿ ದುಡಿದ ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿಯ ಕಾರ್ಕ್ ಬಂದರು ಮಲಗಿತ್ತು: ನದಿ, ಹಡಗು ನಿಲ್ಲುವ ದಕ್ಕೆ, ಉಗ್ರಾಣಗಳು, ಹಗ್ಗದ ಸುರುಳಿಗಳು. ಒಂದು ಹಸಿರು ಎಂಜಿನ್ ಪ್ಲಾಟ್‌ಫಾರಂ ಪಕ್ಕ, ಇನ್ನೊಂದು ಕಪ್ಪು ಎಂಜಿನ್ ಶೆಡ್ಡಿನ ಮುಂದೆ. ಉಗ್ರಾಣದ ಹಿಂದಿನ ಲೈನಿನಲ್ಲಿ ಬೂದು ಬಣ್ಣದ ಮುಚ್ಚಿದ ವ್ಯಾಗನ್‌ಗಳು ಸಾಲಾಗಿ ನಿಂತಿದ್ದವು. ಹಂಸಾ ಹತ್ತಿರ ಬಗ್ಗಿ ನೋಡಿದಳು. ಒಂದೊಂದರ ಮೈಮೇಲೂ ಒಂದು ಲಾಂಛನ: ರೆಕ್ಕೆ ಬಂದ ಬಸವನಹುಳು, ಮತ್ತೆ ಬಸವನಹುಳು, ಮತ್ತೆ ಬಸವನಹುಳು, ಗೋಡೆ ಬದಿಯ ಕೊನೆಯದಕ್ಕೆ ಒಡೆದ ಚಕ್ರ.

ಗೋಡೆಗೆ ಒಂದು ಕ್ಯಾಲೆಂಡರ್. ಸೋಮವಾರ ಒಂಬತ್ತಕ್ಕೆ ದಕ್ಕೆಯ ಕಲ್ಲು, ಹನ್ನೊಂದಕ್ಕೆ ದೀಪದ ಕಂಬ, ಎರಡಕ್ಕೆ ನೀರಿನ ಬಣ್ಣ. ಮಂಗಳವಾರವೂ ಹಾಗೆಯೇ, ತಿಂಗಳುಗಟ್ಟಲೆ. ಇಷ್ಟೆಲ್ಲ ಇಟ್ಟುಕೊಂಡು ಇವರು ಆಫೀಸಿನ ಕೆಲಸ ಯಾವಾಗ ಮಾಡುತ್ತಾರೋ ಎಂದುಕೊಂಡಳು ಹಂಸಾ. ಇವತ್ತಿನ ಚೌಕದಲ್ಲಿ 'ಈಫಾ, ಮೂರು ಗಂಟೆ' ಎಂದಿತ್ತು. ಅದರ ಮುಂದಿನ ಚೌಕಗಳೆಲ್ಲ ಖಾಲಿ. ಮಾವ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತರು.

"ಇದು ಹೇಗೆ ಓಡುತ್ತೆ, ಹೇಳಪ್ಪ" ಎಂದರು ಆಮೇಲೆ, ಅಮರೇಶ್ವರನ ಕಡೆ ತಿರುಗಿ.

ಅಮರೇಶ್ವರ ಮೆಲುಮಾತಿನ ಧಾರವಾಡದವನು. "ಮೊದಲಿನ ಕಾಲದಾಗ ಒಂದು ಗುಂಡಿ ತಿರುವಿದ್ರ ಹಳಿ ಮ್ಯಾಲಿದ್ದ ಎಲ್ಲಾ ಎಂಜಿನ್ನೂ ಒಟ್ಟಿಗೆ ಓಡ್ತಿದ್ವು ಅಂಕಲ್. ಈಗ ಡಿಜಿಟಲ್. ಹಳ್ಯಾಗ ಯಾವಾಗಲೂ ಕರೆಂಟ್ ಇರ್ತದ. ಪ್ರತಿ ಎಂಜಿನ್ನಿಗೂ ಒಂದು ಚಿಪ್ಪು, ಒಂದು ನಂಬರು. ನಂಬರು ಕರದ್ರ ಅದೊಂದೇ ಓಡ್ತದ, ಉಳಿದವು ಸುಮ್ಮನ ಕರೆಂಟ್ ಕುಡಕೋತ ನಿಂತಿರ್ತಾವ. ಡೋನಲ್‌ದಕ್ಕೂ ಹೋದ ತಿಂಗಳು ಚಿಪ್ಪು ಹಾಕೀನಿ. ಅರವತ್ತೊಂದು."

"ಯಾವುದು ಎಲ್ಲಿದೆ ಅಂತ ಹೇಗೆ ಗೊತ್ತಾಗೋದು?"

"ಹಳೀನ ಆರು ಭಾಗ ಮಾಡೀವಿ. ಎಂಜಿನ್ ನಿಂತ ಭಾಗಕ್ಕ ಪ್ಯಾನಲ್‌ನಾಗ ಕೆಂಪು ದೀಪ ಹತ್ತತದ. ಬರೇ ವ್ಯಾಗನ್ ಇದ್ರ ಹತ್ತಂಗಿಲ್ಲ, ಅವು ಕರೆಂಟ್ ಕುಡಿಯಂಗಿಲ್ಲ."

"ನಮ್ಮ ಟ್ರ್ಯಾಕ್ ಸರ್ಕ್ಯೂಟೇ ಇದು, ರೈಲು ಎಲ್ಲಿದೆ ಅಂತ ಹಳಿಯೇ ಹೇಳೋದು. ಆನ್ ಮಾಡು ನೋಡೋಣ."

"ಮುಂಜಾನಿಂದ ಯಾರೂ ಹಚ್ಚಿಲ್ಲ" ಎನ್ನುತ್ತ ಅಮರೇಶ್ವರ ಸ್ವಿಚ್ ಒತ್ತಿದ. ಪ್ಯಾನಲ್ ಮೇಲೆ ಮೂರು ಕೆಂಪು ದೀಪ ಹತ್ತಿದ್ದನ್ನು ಹಂಸಾ ಕಂಡಳು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಸುಬ್ಬು ಕೂಗಿದ: "ಅವನ ಬ್ಯಾಗ್ ಯಾಕೆ ನೋಡಲಿಲ್ಲ ಶಿವಪ್ರಕಾಶ್? ಧಾರವಾಡದೋರಿಗೆ ವಿನಾಯಿತಿನಾ?" ಅಮರೇಶ್ವರ ಪ್ಯಾನಲ್ಲಿಗೆ ಬೆನ್ನು ಹಾಕಿ ಮೆಟ್ಟಿಲ ಕಡೆ ಹೋದ. ಶಿವಪ್ರಕಾಶನೂ ಹೋದ. ಮಾತಿಗೆ ಮಾತು ಬೆಳೆಯಿತು. ನಂಜುಂಡಸ್ವಾಮಿ ಸ್ವಿಚ್ ತಾವೇ ಆರಿಸಿದರು.

ಮೇಲೆ ಬಂದು ಸುಬ್ಬುವಿನ ಪಕ್ಕ ಕೂತು ಅವರು ಕೇಳಿದ್ದು ಒಂದೇ ಪ್ರಶ್ನೆ. "ಆ ಬಸವನಹುಳು ಯಾವಾಗ ಹೋಯ್ತಪ್ಪ?"

"ಅರವತ್ತರ ದಶಕದಲ್ಲಿ ಅಂಕಲ್. ಆಮೇಲೆ ಐರ್ಲೆಂಡಿನ ರೈಲಿಗೆ ಒಡೆದ ಚಕ್ರದ ಗುರುತು ಬಂತು. ಒಂದು ಸಲ ನಾನು ಚಕ್ರದ ಗುರುತಿರೋ ಪಾರ್ಸೆಲ್ ವ್ಯಾನ್, ಅಂದ್ರೆ ಮುಚ್ಚಿದ ವ್ಯಾಗನ್ನಿನ, ಬರೀ ಬಾಡಿ ತಂದಿದ್ದೆ. ಕಾಲ ತಪ್ಪಿದೆ ಅಂತ ಶಿವಪ್ರಕಾಶ್ ರಿಜೆಕ್ಟ್ ಡಬ್ಬಕ್ಕೆ ಎಸೆದ. ಸರಿಯಾಗೇ ಮಾಡಿದ. ಐವತ್ತೆಂಟರ ಮೇಜಿನ ಮೇಲೆ ಅದನ್ನ ಇಟ್ರೆ ನಂಗೆ ಊಟ ಸೇರಲ್ಲ."

ಹನ್ನೆರಡಕ್ಕೆ ರಸ್ತೆಗಳು ತೆರೆದ ಸುದ್ದಿ ಫೋನುಗಳಿಗೆ ಬಂತು. ಸುಬ್ಬು ಕೋಟಿಗೆ ಕೈ ಹಾಕಿದ. ನಂಜುಂಡಸ್ವಾಮಿ ಎಲ್ಲರನ್ನೂ ಬೇಸ್‌ಮೆಂಟಿಗೆ ಕರೆದರು, ಅವನನ್ನೂ.

"ಅಮರೇಶ್ವರ, ಪವರ್ ಹಾಕು. ಅರವತ್ತೊಂದನ್ನ ಕರಿ."

"ಎಂಜಿನ್ನೇ ಇಲ್ಲಲ್ಲ ಅಂಕಲ್."

"ಕರಿಯಪ್ಪ. ನಿಧಾನಕ್ಕೆ."

ಅಮರೇಶ್ವರ ನಂಬರು ಒತ್ತಿ ಗುಂಡಿ ತಿರುವಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಉಗ್ರಾಣದ ಹಿಂದೆ, ಕೊನೆಯಲ್ಲಿದ್ದ, ಒಡೆದ ಚಕ್ರದ ಗುರುತಿನ ಬೂದು ವ್ಯಾನು ಅಲುಗಿತು. ಯಾವ ಎಂಜಿನ್ನೂ ಎಳೆಯದೆ, ಮುಂದಿನ ವ್ಯಾಗನ್‌ಗಳನ್ನು ತಾನೇ ತಳ್ಳಿಕೊಂಡು ದಕ್ಕೆಯ ಕಡೆ ಹೊರಟಿತು. ಶಿವಪ್ರಕಾಶ್ ಕೈ ನೀಡಿ ಅದರ ಮೈ ಎತ್ತಿದ. ತಳವಿಲ್ಲದ ಬರಿ ಪ್ಲಾಸ್ಟಿಕ್ ಕವಚ. ಕೆಳಗೆ ಡೋನಲ್‌ನ ಎಂಜಿನ್ ತೆವಳುತ್ತಿತ್ತು.

ಅವನು ಕವಚ ಕೆಳಗಿಟ್ಟು ಎಂಜಿನ್ನನ್ನು ಎತ್ತಿಕೊಂಡ.

"ಮೂರು ದೀಪ ಹತ್ತಿದ್ವು" ಎಂದರು ನಂಜುಂಡಸ್ವಾಮಿ. "ಕಣ್ಣಿಗೆ ಕಾಣೋ ಎಂಜಿನ್ ಎರಡೇ. ಮೂರನೇ ದೀಪ ಹಿಂದಿನ ಲೈನಿಂದು. ಅಲ್ಲಿರೋದು ಬರೀ ವ್ಯಾಗನ್. ಹಾಗಾದ್ರೆ ಕರೆಂಟ್ ಕುಡೀತಿರೋದು ಯಾರು? ನೀವೆಲ್ಲ ಎಂಜಿನ್ ಹುಡುಕಿದ್ರಿ. ವ್ಯಾಗನ್ ಯಾರೂ ನೋಡಲಿಲ್ಲ."

"ಇಟ್ಟೋರು ಯಾರು?" ಎಂದ ಸುಬ್ಬು.

"ನೀನಲ್ಲ. ಚಕ್ರದ ಗುರುತಿನ ವ್ಯಾನನ್ನ ಐವತ್ತೆಂಟರ ಸಾಲಿಗೆ ಸೇರಿಸೋಕೆ ನಿನ್ನ ಕೈ ಬರಲ್ಲ. ಅಮರೇಶ್ವರನೂ ಅಲ್ಲ. ಪವರ್ ಹಾಕಿದ ತಕ್ಷಣ ದೀಪ ಹತ್ತಿ ಗುಟ್ಟು ಒಡೆಯುತ್ತೆ ಅಂತ ಅವನಿಗೆ ಗೊತ್ತು, ಅವನೇ ಮಾಡಿದ ದೀಪ. ಶಿವಪ್ರಕಾಶ್‌ಗೆ ಎರಡೂ ಗೊತ್ತು. ಯಾವ ಗುರುತು ಯಾವ ಕಾಲದ್ದು ಅಂತಾನೂ ಗೊತ್ತಿಲ್ಲ, ಕರೆಂಟಿನ ದೀಪಾನೂ ಗೊತ್ತಿಲ್ಲ, ಆದ್ರೆ ಹತ್ತು ವರ್ಷದಿಂದ ಕಾಫಿ ತಂದು ಕೊಡ್ತಾ ರಿಜೆಕ್ಟ್ ಡಬ್ಬ ಎಲ್ಲಿದೆ ಅಂತ ನೋಡಿರೋರು ಒಬ್ಬರೇ." ಅವರು ಕಲಾಳ ಕಡೆ ನೋಡದೆ ಹೇಳಿದರು. "ಮನೇಲಿ ಎಲ್ಲ ಕಡೆ ಹುಡುಕ್ತಾರೆ, ರೈಲಿನ ಮಧ್ಯೆ ರೈಲು ಹುಡುಕಲ್ಲ ಅನ್ನೋದು ಒಳ್ಳೇ ಲೆಕ್ಕ ತಾಯಿ. ಎಂಜಿನ್ನಿಗೆ ಒಂದು ಗೀರೂ ಬಿದ್ದಿಲ್ಲ."

ಕಲಾ ಮೆಟ್ಟಿಲ ಕಂಬ ಹಿಡಿದು ನಿಂತಿದ್ದಳು. ಅಲ್ಲವೆನ್ನಲಿಲ್ಲ.

"ಆ ಹುಡುಗಿ ಫ್ಲೈಟ್ ಹೋಗಲಿ ಅಂತ ಅಷ್ಟೇ" ಎಂದಳು. "ನಾಳೆ ನಾನೇ ತೆಗೆದು ಇಡ್ತಿದ್ದೆ."

"ಯಾಕೆ ಕಲಾ?" ಎಂದ ಶಿವಪ್ರಕಾಶ್.

"ಕೆಲಸ ಹೋಗಿ ಹದಿನಾಲ್ಕು ತಿಂಗಳಾಯ್ತು ನಿಮಗೆ."

"ಎಲ್ಲರ ಮುಂದೆ ಯಾಕೆ ಅದು."

"ವರ್ಕ್ ಫ್ರಮ್ ಹೋಮ್ ಅಂತ ಎಲ್ಲರ ಮುಂದೆ ನಾನೇ ತಾನೆ ಹೇಳ್ತಿರೋದು? ದಿನಾ ಏಳಕ್ಕೆ ಎದ್ದು ಸ್ನಾನ ಮಾಡಿ ಕೆಳಗೆ ಬರ್ತೀರಿ, ಈ ಎಂಜಿನ್ ಓಡಬೇಕು ಅಂತ. ಅದು ಓಡಿ ಆಯ್ತು, ಕೊಟ್ಟೂ ಆಯ್ತು ಅಂದ್ಕೊಳ್ಳಿ. ಸೋಮವಾರ ಏನಕ್ಕೆ ಏಳ್ತೀರಿ? ನೀವು ಮಲಗೇ ಇದ್ರೆ ನಾನು ಆಫೀಸಿಗೆ ಹೇಗೆ ಹೋಗಲಿ?"

ಸುಬ್ಬು ಕೋಟು ಕೆಳಗಿಟ್ಟ.

"ಕ್ಯಾಲೆಂಡರ್ ನೋಡಿದಾಗಲೇ ತೆಗೆದೋರ ಮೇಲಿದ್ದ ಸಿಟ್ಟು ಹೋಯ್ತು" ಎಂದರು ನಂಜುಂಡಸ್ವಾಮಿ. "ವಾರದ ದಿನ ಒಂಬತ್ತಕ್ಕೆ ಕಲ್ಲು ಜೋಡಿಸೋನಿಗೆ ಆಫೀಸ್ ಇಲ್ಲ. ಇವತ್ತಿನ ಮುಂದೆ ಒಂದು ಅಕ್ಷರ ಇಲ್ಲ. ಅದಕ್ಕೆ ಹೆದರಿಕೊಳ್ಳೋರು ಈ ಮನೇಲಿ ಯಾರು ಅಂತ ಕೇಳ್ಕೊಂಡೆ. ರಿಟೈರ್ ಆದ ಮಾರನೇ ದಿನ ನಾನು ಟಿಫಿನ್ ಬಾಕ್ಸ್ ಹಿಡ್ಕೊಂಡು ಗೇಟ್ ತನಕ ಹೋದೆ. ಗೇಟ್ ತೆಗೆದು ಎಲ್ಲಿಗೆ ಹೋಗೋದು ಅಂತ ತಿಳೀಲಿಲ್ಲ. ನಮ್ಮ ಮನೆಯವಳು ಒಳಗಿಂದ ನೋಡ್ತಾ ನಿಂತಿದ್ದಳು. ಅವಳು ಆವತ್ತು ಏನಂದ್ಕೊಂಡಳು ಅಂತ ನಾನು ಇವತ್ತಿನವರೆಗೂ ಕೇಳಿಲ್ಲ."

ಈ ಮಾತು ಹಂಸಾ ಮೊದಲು ಕೇಳಿರಲಿಲ್ಲ. ಮಾವನನ್ನು ದಿನವೂ ಕಿಟಕಿಯ ಪಕ್ಕ ಬಿಟ್ಟು ತಾನು ಆರೂಮುಕ್ಕಾಲರ ರೈಲಿಗೆ ಓಡುತ್ತಿದ್ದುದು ನೆನಪಾಗಿ ಅವರ ಪಕ್ಕಕ್ಕೆ ಹೋಗಿ ನಿಂತಳು.

ಶಿವಪ್ರಕಾಶ್ ಎಂಜಿನ್ನನ್ನು ಕರವಸ್ತ್ರದಿಂದ ಒರೆಸುತ್ತ ಕೇಳಿದ. "ಅಷ್ಟು ಭಯ ಆಗಿತ್ತಾ?"

"ಇನ್ನೂ ಇದೆ" ಎಂದಳು ಕಲಾ.

ಮೂರಕ್ಕೆ ಐದು ನಿಮಿಷ ಇರುವಾಗ ಈಫಾ ಬಂದಳು. ನ್ಯೂ ಬ್ರನ್ಸ್‌ವಿಕ್‌ವರೆಗೆ ರೈಲು, ಅಲ್ಲಿಂದ ಕ್ಯಾಬು. ಕೆಂಪು ಮೂಗಿನ, ಎತ್ತರದ ಹುಡುಗಿ. ಸುಬ್ಬು ಬಸವನಹುಳುವಿನ ಮೂರು ವ್ಯಾಗನ್ ಆರಿಸಿ ಜೋಡಿಸಿದ್ದ. ಅಮರೇಶ್ವರ ಅರವತ್ತೊಂದನ್ನು ಕರೆದ. ಎಂಜಿನ್ ದಕ್ಕೆಯ ಉದ್ದಕ್ಕೂ, ಸೇತುವೆ ದಾಟಿ, ಉಗ್ರಾಣ ಬಳಸಿ ಒಂದು ಸುತ್ತು ಬಂದು ನಿಂತಿತು. ಈಫಾ ಮೇಜಿನ ಅಂಚಿಗೆ ಗಲ್ಲ ಊರಿ ನೋಡಿದಳು. ಬಹಳ ಹೊತ್ತು ಮೇಲೇಳಲಿಲ್ಲ.

"ಇದು ಇಲ್ಲೇ ಇರಲಿ" ಎಂದಳು ಆಮೇಲೆ, ತನ್ನ ಇಂಗ್ಲಿಷಿನಲ್ಲಿ. "ನನ್ನ ಹತ್ತಿರ ಹಳಿ ಇಲ್ಲ. ಇಲ್ಲಿ ಇದಕ್ಕೊಂದು ಊರೇ ಇದೆ. ನೀವೇ ಓಡಿಸ್ತಾ ಇರಿ."

ಕಲಾ ತಲೆ ಎತ್ತಿದಳು. ಯಾರ ತಪ್ಪೂ ಇಲ್ಲದೆ, ಕೇಳದೆಯೇ, ಎಂಜಿನ್ ಇಲ್ಲೇ ಉಳಿಯಲು ಬಾಗಿಲೊಂದು ತೆರೆದಿತ್ತು. ಶಿವಪ್ರಕಾಶ್ ಹೆಂಡತಿಯ ಮುಖವನ್ನೇ ನೋಡಿದ. ಆಮೇಲೆ ಎಂಜಿನ್ನನ್ನು ಹಳಿಯಿಂದ ಎತ್ತಿ, ಹತ್ತಿ ಹಾಸಿದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಈಫಾಳ ಎರಡು ಕೈಗಳ ಮೇಲೆ ಇರಿಸಿದ.

ಡೋನಲ್ ಕ್ರೌಲಿಗೆ ಕೊಟ್ಟ ಮಾತನ್ನು ಶಿವಪ್ರಕಾಶ್ ಉಳಿಸಿಕೊಂಡ.