ಅಣ್ಣನ ಸೂರಿಗೆ ಹೊಸ ದೋಣಿ

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಒಂದೇ ಮಳೆಯ ನೀರು ದಕ್ಕಬಾರದೇ? ಪ್ರಭುದೇವನ ಹೊಟ್ಟೆಯುರಿಗೆ ಕಾರಣವಿತ್ತು. ಮನೆ ಪಾಲಾದಾಗ ನಡುವೆ ಗೋಡೆ ಎದ್ದಿತು, ಮಳೆನೀರಿನ ತೊಟ್ಟಿ ಅಣ್ಣ ಮಹಾಲಿಂಗಯ್ಯನ ಕಡೆಗೆ ಹೋಯಿತು. ಹಂಚಿನ ಚಾವಣಿ ಇಬ್ಬರದೂ ಹೌದು. ಆದರೆ ಸೂರಿನುದ್ದಕ್ಕೂ ಕಟ್ಟಿದ್ದ ತಗಡಿನ ದೋಣಿ ಎರಡೂ ಪಾಲಿನ ನೀರನ್ನು ಹಿಡಿದು ಅಣ್ಣನ ತೊಟ್ಟಿಗೇ ಸುರಿಯುತ್ತಿತ್ತು. ತಿರುಮಣಿ ಕಡೆಯ ಆ ಊರಿನಲ್ಲಿ ಬೋರ್‌ವೆಲ್ ನೀರು ಕುಡಿದವರ ಹಲ್ಲು ಕಂದಿಹೋಗುತ್ತದೆ. ಪ್ರಭುದೇವನ ಮಗಳು ಮಂಜುಶ್ರೀ ನಗುವಾಗೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವಳಿಗಾಗಿ ಒಂದು ಕೊಡ ನೀರು ಕೇಳಲು ಹೋದಾಗ ಅಣ್ಣ ಬಾಗಿಲಲ್ಲೇ ನಿಲ್ಲಿಸಿದ್ದ.

"ಪಾಲಾಗೋವಾಗ ನೀನೇ ಒಪ್ಕಂಡಿದ್ದಲ್ವೇನ್ಲಾ? ಹೋಗು, ಬೋರ್ ನೀರು ಕುಡಿ."

ಅಂದಿನಿಂದ ಪ್ರಭುದೇವ ಆ ಹೊಸ್ತಿಲು ತುಳಿದಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ವರ್ಷಗಟ್ಟಲೆ ಕಾದ. ಮಹಾಲಿಂಗಯ್ಯ ಒಂಟಿ ಜೀವ, ಹೆಂಡತಿ ಮಕ್ಕಳಿಲ್ಲ. ತಾನೇ ಬೇಯಿಸಿಕೊಂಡು ಉಣ್ಣುವವನು, ಮಳೆನೀರಲ್ಲದೆ ಬೇರೆ ನೀರು ಮುಟ್ಟದವನು, ಆ ನೀರನ್ನು ನಾಯಿಗೂ ಹನಿಸದವನು. ಅಂದರೆ ಆ ತೊಟ್ಟಿಗೆ ವಿಷ ಬಿದ್ದರೆ ಸಾಯುವವನು ಲೋಕದಲ್ಲಿ ಒಬ್ಬನೇ, ಅವನ ಪಾಲಿಗೆ ವಾರಸುದಾರನೂ ಒಬ್ಬನೇ. ಅಣ್ಣನ ಜಿಪುಣತನವೇ ಅಣ್ಣನಿಗೆ ಉರುಳಾಗುತ್ತದೆ ಎಂದು ಪ್ರಭುದೇವ ಒಳಗೊಳಗೇ ನಕ್ಕ.

ಈ ವರ್ಷ ದೋಣಿ ತುಕ್ಕು ಹಿಡಿದು ಜರಡಿಯಾಯಿತು. ಮಹಾಲಿಂಗಯ್ಯ ತೊಟ್ಟಿಯ ತಳದಲ್ಲಿ ಉಳಿದ ನೀರನ್ನು ಹಂಡೆಗಳಿಗೆ ತುಂಬಿಟ್ಟು ಆಕಾಶ ನೋಡುತ್ತಿದ್ದ. ಪ್ರಭುದೇವ ಗೋಡೆಯಾಚೆಯಿಂದ ಕೂಗಿದ.

"ಹೊಸ ದೋಣಿ ನಾನೇ ಹಾಕಿಸ್ಕೊಡ್ತೀನಿ ಬುಡಣ್ಣ. ಹಳೇದೆಲ್ಲ ಮರ್ತ್‌ಬುಡಾನ."

ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಮಹಾಲಿಂಗಯ್ಯನಿಗೆ ಅನುಮಾನ ಬಂದರೂ ಪುಕ್ಕಟೆ ಬಂದದ್ದನ್ನು ಬೇಡವೆನ್ನುವ ಜಾಯಮಾನ ಅವನದಲ್ಲ.

ಪಾವಗಡದಿಂದ ಫಿಟ್ಟರ್ ನರಸಿಂಹರಾಜು ಬಂದ. ಹಳೆ ತಗಡು ಕಿತ್ತು, ಸೂರಿಗೆ ಕೊಕ್ಕೆ ಹೊಡೆದು, ನೀರು ಹರಿಯಲು ವಾಟ ಕೊಟ್ಟು ಹೊಸ ದೋಣಿ ಕೂರಿಸಿದ. ಚಾವಣಿ ತೊಳೆದ ಮೊದಲ ಕೊಳೆನೀರು ಬೀದಿಗೆ ಹೋಗಲು ಒಂದು ತೂತು, ಅದಕ್ಕೊಂದು ಬಿರಡೆ. ಬಿರಡೆ ಮುಚ್ಚಿದ ಮೇಲೆ ಬಂದ ನೀರು ಪೈಪಿನಲ್ಲಿಳಿದು ತೊಟ್ಟಿಗೆ. ಪ್ರಭುದೇವ ಅದನ್ನೂ ಯೋಚಿಸಿದ್ದ. ದೋಣಿಯೊಳಗೆ ಹಾಕಿದ್ದು ಬೀದಿಪಾಲಾಗುತ್ತದೆ, ಪೈಪಿನ ಬಾಗಿನಲ್ಲಿಟ್ಟದ್ದು ತೊಟ್ಟಿಗೇ ಇಳಿಯುತ್ತದೆ. ನರಸಿಂಹರಾಜು ಊಟಕ್ಕೆ ಹೋದಾಗ ಏಣಿ ಹತ್ತಿ, ಬಣ್ಣವೂ ವಾಸನೆಯೂ ಇಲ್ಲದ ವಿಷದ ಪುಡಿಯನ್ನು ಅಲ್ಲಿ ಮೆತ್ತಿ ಇಳಿದ. ನಾಳೆ ಯಾರಾದರೂ ಕೆದಕಿದರೆ, ಪಕ್ಕದ ಕಡಲೆಕಾಯಿ ಹೊಲಕ್ಕೆ ಹೊಡೆದ ಔಷಧಿ ಗಾಳಿಗೆ ಹಾರಿ ಹಂಚಿನ ಮೇಲೆ ಕೂತಿರಬೇಕು ಎಂದರಾಯಿತು.

ಮೋಡ ಕಟ್ಟಿದ್ದು ನೋಡಿ ಮಧುಗಿರಿಯ ಷಡ್ಡಕನ ಮನೆಗೆ ಹೋಗಿ ಕೂತ. ಊರಲ್ಲಿ ಒಳ್ಳೆ ಮಳೆಯಾಯಿತೆಂದು ಹೆಂಡತಿ ಲೋಹಿತಾ ಫೋನ್ ಮಾಡಿದಳು. ಮರುದಿನ ಬಸ್ಸು ಹತ್ತಿದವನು ಫೋನನ್ನೇ ಆರಿಸಿಬಿಟ್ಟ. ಸಾವಿನ ಸುದ್ದಿ ಕೇಳುವಾಗ ಮುಖ ಹೇಗಿರಬೇಕೆಂದು ಅವನಿನ್ನೂ ತೀರ್ಮಾನಿಸಿರಲಿಲ್ಲ.

ಅಣ್ಣನ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಬೀದಿಯವರೆಲ್ಲ ಒಳಗಿದ್ದರು. ಪ್ರಭುದೇವನ ಎದೆ ಹಗುರಾಯಿತು. ಕಣ್ಣು ಉಜ್ಜಿ ಕೆಂಪು ಮಾಡಿಕೊಂಡು, ಹೊಸ್ತಿಲು ದಾಟಿ ಗೋಳಿಟ್ಟ.

"ಅಯ್ಯೋ ಅಣ್ಣಾ, ನನ್ನ ಬುಟ್ಟು ಹೊಂಟೋದ್ಯಾ!"

"ಎಲ್ಲಿಗೂ ಹೋಗಿಲ್ಲ ಕಣ್ಲಾ, ಬಾ." ದೇವರಮನೆಯ ಬಾಗಿಲಲ್ಲಿ ಮಹಾಲಿಂಗಯ್ಯ ತಾಮ್ರದ ಗಿಂಡಿ ಹಿಡಿದು ನಗುತ್ತ ನಿಂತಿದ್ದ. "ದೋಣಿ ಹಾಕ್ಸಿ ನನ್ನ ಕಣ್ಣು ತೆರೆಸ್ದೆ. ಇನ್ಮ್ಯಾಕೆ ಈ ನೀರು ಇಬ್ರುದೂವೆ."

ಹೊಸ್ತಿಲು ತುಳಿಯದ ವರ್ಷಗಳಲ್ಲಿ ಪ್ರಭುದೇವ ಒಂದು ಸಣ್ಣ ಸಂಗತಿ ಮರೆತಿದ್ದ. ತೊಟ್ಟಿಗೆ ಹೊಸ ನೀರು ಬಂದರೆ, ಲಿಂಗಕ್ಕೆ ಅಭಿಷೇಕವಾಗುವ ತನಕ ಆ ಮನೆಯಲ್ಲಿ ಯಾರೂ ಒಂದು ಗುಟುಕು ಕುಡಿಯುವಂತಿಲ್ಲ. ಆ ತೀರ್ಥವೂ ಅಪ್ಪನ ಕಾಲದಿಂದ ಮೊದಲು ಮನೆಯ ಕಿರಿಯರಿಗೆ, ಕೊನೆಗೆ ಹಿರಿಯರಿಗೆ. ಲೋಹಿತಾಳ ಪಕ್ಕದಲ್ಲಿ ಕೂತಿದ್ದ ಮಂಜುಶ್ರೀಯ ಅಂಗೈಗೆ ತೀರ್ಥ ಆಗಲೇ ಬಿದ್ದಿತ್ತು. ಅವಳು ಕೈಯನ್ನು ತುಟಿಗೆ ತರುತ್ತಿದ್ದಳು. ಪ್ರಭುದೇವ ಜನರ ಮೇಲೆ ಬೀಳುತ್ತ ಓಡಿ ಮಗಳ ಕೈಗೆ ರಪ್ಪನೆ ಹೊಡೆದ. "ಕುಡೀಬ್ಯಾಡವ್ವಾ, ಕುಡೀಬ್ಯಾಡ!" ನೀರು ನೆಲಕ್ಕೆ ಚೆಲ್ಲಿತು. ಇಡೀ ಬೀದಿ ಅವನನ್ನೇ ನೋಡಿತು. ಮಹಾಲಿಂಗಯ್ಯ ಗಿಂಡಿಯೊಳಗೆ ಇಣುಕಿದ, ಆಮೇಲೆ ತಮ್ಮನ ಮುಖ ನೋಡಿದ. ಅವನ ನಗು ನಿಂತುಹೋಗಿತ್ತು. "ಅಲ್ಲ ಕಣ್ಲಾ ಪ್ರಭು," ಎಂದ, "ನಾನು ಸತ್ತೋಗಿದೀನಿ ಅಂತ ನಿಂಗ್ಯಾರ್ಲಾ ಹೇಳಿದ್ದು?"