ಮಂತ್ರಿಗಳ ಹನ್ನೆರಡು ಸೆಕೆಂಡು

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಹೊಸನಗರದ ಶಾಸಕರ ಕಚೇರಿಯಲ್ಲಿ ಆ ಬೆಳಿಗ್ಗೆ, ಆಡಿದ ಮಾತೇ ಹೋಗಿತ್ತು.

ಟೇಪ್ ರೆಕಾರ್ಡರಿನ ಸ್ಪೂಲು ತಿರುಗುತ್ತಿತ್ತು. "ಮುಳುಗಡೆಯ ನಲವತ್ತು ಮನೆಗಳಿಗೆ ಹಕ್ಕುಪತ್ರ ಯಾವಾಗ?" ಶಾಸಕಿ ಪದ್ಮಲತಾ ಅವರದೇ ಹಳೆಯ ದನಿ. ಉತ್ತರವಾಗಿ ಮಂತ್ರಿಗಳು "ನಮಸ್ಕಾರ" ಅಂದರು. ನಡುವಿನ ಹನ್ನೆರಡು ಸೆಕೆಂಡಿನ ಭರವಸೆ ಮಾಯ!

ಆರು ವರ್ಷದ ಹಿಂದೆ, ರೇಡಿಯೋ ವರದಿಗಾರ್ತಿಯಾಗಿದ್ದಾಗ, ಆನಂದಪುರದಲ್ಲಿ ಅವರೇ ಮಾಡಿದ ಸಂದರ್ಶನ ಅದು. ಆಮೇಲೆ ಮಂತ್ರಿಗಳು ಪಕ್ಷ ಬದಲಿಸಿದ್ದರು, ಕುರ್ಚಿ ಬದಲಿಸಿರಲಿಲ್ಲ. ಈಗ ಪದ್ಮಲತಾ ಅವರದೇ ಪಕ್ಷ. ಹಕ್ಕುಪತ್ರದ ಮಾತೆತ್ತಿದರೆ ಮಂತ್ರಿಗಳು "ನಾನು ಹಾಗೆ ಹೇಳೇ ಇಲ್ಲ" ಅನ್ನುತ್ತಿದ್ದರು. ನಾಳೆ ಸದನದಲ್ಲಿ ಅದೇ ಚರ್ಚೆ, ಈ ಟೇಪೇ ಸಾಕ್ಷಿ. ಬೆಂಗಳೂರಿಗೆ ಹೊರಡಲು ಉಳಿದದ್ದು ಒಂದೇ ಗಂಟೆ.

ಬೆಂಚಿನ ಮೇಲೆ, ಆ ನಲವತ್ತು ಮನೆಗಳಲ್ಲೊಂದರ ಕೆರಿಯಮ್ಮ ಸರ್ಕಾರದ ನೋಟೀಸನ್ನು ಮಡಚಿ ಮಡಚಿ ಪುಟ್ಟದಾಗಿಸಿದ್ದಳು. "ಸೋಮವಾರ ನಮ್ಮನ್ನ ಎಬ್ಬಿಸ್ತಾರಂತಲ್ರಾ ಅಮ್ಮಾ?"

ಪದ್ಮಲತಾ ಸ್ಪೂಲು ನಿಲ್ಲಿಸಿದರು.

*

"ಡ್ರೈವರ್ ತಿಮ್ಮಣ್ಣಂದೇ ಕೆಲಸ, ಮೇಡಂ," ಅಂದರು ಭುಜಬಲಿ. ರೇಡಿಯೋದಲ್ಲಿ ಸಹಾಯಕರಾಗಿದ್ದು, ಪದ್ಮಲತಾ ಗೆದ್ದ ಮೇಲೆ ಕಾರ್ಯದರ್ಶಿಯಾಗಿ ಬಂದವರು. "ನಿನ್ನೆ ಸಾಗರದಲ್ಲಿ ಮಂತ್ರಿಗಳ ಕಡೆಯವ್ರ ಜೊತೆ ಚಾ ಕುಡೀತಿದ್ದ."

"ಕುಡಿದಿದ್ದು ಚಾ ತಾನೇ? ಅವ್ರ ಉಪ್ಪು ತಿಂದಿಲ್ವಲ್ಲ!" ತಿಮ್ಮಣ್ಣ ಸಿಡಿದ.

ಪದ್ಮಲತಾ ಬೇಡವಾದ ಹಳೆಯ ಟೇಪೊಂದನ್ನು, ಬ್ಲೇಡನ್ನು ಅವನ ಕೈಗಿತ್ತರು. "ಇದನ್ನ ಕತ್ತರಿಸು."

ತಿಮ್ಮಣ್ಣ ಅಂಗೈ ಒರೆಸಿಕೊಂಡು, ಬಾಳೆಎಲೆ ಕೊಯ್ದ ಹಾಗೆ ನೇರವಾಗಿ ಕೊಯ್ದ.

ಪದ್ಮಲತಾ ಸಂದರ್ಶನದ ಸ್ಪೂಲನ್ನು ಬೆಳಕಿಗೆ ಹಿಡಿದರು. ಮಾತು ಮಾಯವಾದಲ್ಲಿ ಕತ್ತರಿಸಿ ಅಂಟಿಸಿದ ಜೋಡಣೆ ಓರೆಯಾಗಿತ್ತು. ಎದ್ದು ಹೋಗಿ ಭುಜಬಲಿಯವರ ಬೀರು ತೆರೆದರು. ಬಾಗಿಲ ಒಳಮೈಗೆ ಅಂಟಿಸಿದ ನಾಲ್ಕಡಿಯ ಕಂದು ಟೇಪಿನ ಪಟ್ಟಿಯೊಂದು ನೇತಾಡುತ್ತಿತ್ತು.

*

"ನೇರ ಕತ್ತರಿಸಿದ್ರೆ ಜೋಡಿಸಿದಲ್ಲಿ ಟಕ್ ಅಂತ ಕೇಳ್ಸುತ್ತೆ. ಓರೆ ಕತ್ತರಿಸೋದು ರೇಡಿಯೋದವ್ರು ಮಾತ್ರ. ಈ ಊರಲ್ಲಿ ಅಂಥವ್ರು ನಾವಿಬ್ರೇ. ನಾನು ಕತ್ತರಿಸಿಲ್ಲ."

ಪದ್ಮಲತಾ ಆ ಪಟ್ಟಿಯನ್ನು ಭುಜಬಲಿಯವರ ಮುಂದೆ ಹಿಡಿದರು.

"ಪ್ರಸಾರ ಮುಗಿಯೋವರೆಗೆ ತುಂಡು ಬಿಸಾಡಬಾರ್ದು ಅಂತ ನಿಮಗೆ ಕಲಿಸಿದ್ದೂ ನಾನೇ. ಕದಿಯೋವಾಗ್ಲೂ ಪಾಠ ಮರೀಲಿಲ್ಲ ನೀವು."

"ನಿಮ್ಮ ಒಳ್ಳೇದಕ್ಕೇ, ಮೇಡಂ. ಸಂಪುಟ ವಿಸ್ತರಣೆಯಲ್ಲಿ ನಿಮ್ಮ ಹೆಸರಿದೆ. ಇದನ್ನ ಕೇಳಿಸಿದ್ರೆ ಮಂತ್ರಿಗಿರಿ ಇರ್ಲಿ, ಮುಂದಿನ್ಸಲ ಟಿಕೆಟ್ಟೂ ಸಿಗಲ್ಲ."

ಸುಳ್ಳಲ್ಲ. ಪದ್ಮಲತಾ ಬೆಂಚಿನತ್ತ ನೋಡಿದರು. ಕೆರಿಯಮ್ಮ ಮಡಚಿದ ನೋಟೀಸನ್ನು ಮತ್ತೆ ಬಿಡಿಸುತ್ತಿದ್ದಳು.

ಪಟ್ಟಿಯನ್ನು ಅದರ ಜಾಗಕ್ಕೆ ಅಂಟಿಸಿ, ಗುಂಡಿ ಒತ್ತಿದರು. "ಎರಡು ಮಳೆಗಾಲದೊಳಗೆ ಹಕ್ಕುಪತ್ರ ಕೊಡ್ತೀವಿ. ಇದು ನನ್ನ ಮಾತು," ಅಂದಿತು ಸ್ಪೂಲು.

"ಅಯ್ಯೋ, ಎಷ್ಟು ಚಂದಾಗಿ ಹೇಳ್ಯಾರೆ!" ಕೆರಿಯಮ್ಮ ಕಣ್ಣೊರೆಸಿಕೊಂಡಳು.

"ತಿಮ್ಮಣ್ಣಾ, ಜೀಪು ತೆಗಿ. ಕೆರಿಯಮ್ಮಾ, ಹತ್ತು. ಭುಜಬಲಿಯವ್ರ ಸೀಟು ಖಾಲಿ ಇದೆ."

ಅವತ್ತು ಮೊದಲು ಸೀಟು ಕಳಕೊಂಡದ್ದು ಶಾಸಕರಲ್ಲ.