ಗೀರಿಲ್ಲದ ಕೆನ್ನೆ

“ಇವನು ನನ್ನ ತಮ್ಮ ಅಲ್ಲವೇ ಅಲ್ಲ!”

ಅಬೇಬಿ ಅತ್ತೆಯ ಊರುಗೋಲು ನೆಲಕ್ಕೆ ಬಡಿಯಿತು. ಇಬಾದಾನ್ ಊರಿನ ಆ ಮನೆಯ ಅಂಗಳದಲ್ಲಿ ಕೂತಿದ್ದ ನೆಂಟರೆಲ್ಲ ಟಿವಿಯತ್ತ ಬಗ್ಗಿದರು. ಅದರಲ್ಲಿ ಕೂಸನ್ನೆತ್ತಿಕೊಂಡ ಗಂಡಸೊಬ್ಬ, “ಇವಳು ಇಬಿಡುನ್, ನನ್ನ ಮಗಳು” ಎನ್ನುತ್ತಿದ್ದ. ಆದರೆ ತೀರಿಕೊಂಡ ಅತ್ತೆಯ ತಮ್ಮ ಒಲಗೋಕೆಯ ಕೆನ್ನೆಗಳ ಮೇಲೆ ಎಳವೆಯಲ್ಲೇ ಕೊಯ್ದಿದ್ದ ಮೂರು ಮೂರು ಗೀರುಗಳು— ಕುಲದ ಗುರುತು— ಎಲ್ಲಿ? ಕೆನ್ನೆ ನುಣ್ಣಗಿತ್ತು.

ವಿಡಿಯೊ ಸ್ಟುಡಿಯೊದ ಮೊರೆನಿಕೆ ಪರದೆಯ ಹತ್ತಿರ ಸರಿದಳು. ಇಪ್ಪತ್ತೆರಡು ವರ್ಷದ ಹಿಂದಿನ ನಾಮಕರಣದ ಡಿಸ್ಕಿನಿಂದ ಈ ಹೊಸ ವಿಡಿಯೊ ಮಾಡಿಕೊಟ್ಟವಳು ಅವಳೇ. ಹಳೆಯದರಲ್ಲಿ ಚಿತ್ರವೆಲ್ಲ ಚೌಕ ಚೌಕವಾಗಿ ಒಡೆದು, ಮುಖ ಯಾರದ್ದೆಂದೇ ತಿಳಿಯುತ್ತಿರಲಿಲ್ಲ.

“ದನಿ ಯಾರ್ದು ಬೇಕಾದ್ರೂ ಸೇರಿಸ್ಬಹುದು,” ಎಂದ ಒಲಗೋಕೆಯ ಹಿರಿಯ ಮಗ ಲಾಡೆಜೋ. “ಶುಕ್ರವಾರ ಅಪ್ಪನ ಗುಂಡಿಗೆ ಮಣ್ಣು ಹಾಕೋರು ಅಪ್ಪನ ಮಕ್ಕಳು ಮಾತ್ರ. ದಾರೀಲಿ ಹೋಗೋರಲ್ಲ.”

ಬಾಗಿಲ ಬಳಿ ನಿಂತಿದ್ದ ಇಬಿಡುನ್ ತುಟಿ ಕಚ್ಚಿದಳು. ಹೊರಗಿನ ಹೆಂಗಸಿನ ಮಗಳು ಎಂಬ ಕಾರಣಕ್ಕೆ ಅವಳನ್ನು ಇನ್ನೂ ಒಳಗೆ ಕರೆದಿರಲಿಲ್ಲ. ಈ ವಿಡಿಯೊ ಬಿಟ್ಟರೆ ಅವಳಿಗೆ ಬೇರೆ ಸಾಕ್ಷಿಯಿಲ್ಲ.

“ನಂಗೆ ಸ್ವಲ್ಪ ಹೊತ್ತು ಕೊಡಿ,” ಎಂದಳು ಮೊರೆನಿಕೆ.

“ಅಮಲಾ ಮುದ್ದೆ ಬೇಯೋವರೆಗೆ ಕೊಟ್ಟೆ. ಉಂಡ ಮೇಲೆ ತೀರ್ಮಾನ,” ಎಂದಳು ಅತ್ತೆ.

ಮೊರೆನಿಕೆ ನೇರ ಲಾಡೆಜೋನತ್ತ ತಿರುಗಿದಳು. “ವಿಡಿಯೊ ಹಾಕಿಕೊಟ್ಟ ಪೆನ್‌ಡ್ರೈವ್ ನಿನ್ನೆಯಿಂದ ಯಾರ ಹತ್ರ ಇತ್ತು?”

“ನನ್ ಹತ್ರ. ಅದಕ್ಕೇನೀಗ?”

“ಅದರೊಳಗೆ ಕೈ ಆಡಿಸಿದ್ಯಾ?”

“ನಂಗೆ ಮೀನಿನ ಡಬ್ಬಿ ತೆಗೆಯೋಕೇ ನೆಟ್ಟಗೆ ಬರಲ್ಲ! ಕೇಳು ನನ್ನ ಹೆಂಡ್ತೀನ.”

ಅವಳು ತನ್ನ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯನ್ನು ತೆರೆದಳು. ಅದರಲ್ಲೂ ಅದೇ ನುಣುಪು ಕೆನ್ನೆ! ಅಂದರೆ ಲಾಡೆಜೋ ಕೈಗೆ ಹೋಗುವ ಮುಂಚೆಯೇ ಗೀರು ಮಾಯವಾಗಿತ್ತು. ಹಾಗಾದರೆ ಯಾರು?

ಅವಳು ಚಿತ್ರವನ್ನು ನಿಲ್ಲಿಸಿ, ಈ ಸಲ ಒಲಗೋಕೆಯನ್ನು ಬಿಟ್ಟು ಉಳಿದವರನ್ನು ನೋಡತೊಡಗಿದಳು. ಹಿಂದೆ ಮೂಲೆಯಲ್ಲಿ ಒಬ್ಬ ಹಿರಿಯ ಅಕಾರಾ ವಡೆ ಮೆಲ್ಲುತ್ತಿದ್ದ. ಮೊರದಗಲ ಕಿವಿ. ನುಣ್ಣನೆ ಕೆನ್ನೆ. ಮೊರೆನಿಕೆ ತಲೆಯೆತ್ತಿದಳು. ಅವೇ ಕಿವಿಗಳು ಅತ್ತೆಯ ಪಕ್ಕದಲ್ಲೇ ಕೂತಿದ್ದವು— ಅತ್ತೆಯ ಗಂಡ ಅಕಾಂಬಿ! ಆದರೆ ಎದುರಿಗಿದ್ದ ಆತನ ಕೆನ್ನೆಯ ಮೇಲೆ ಮೂರು ಗೀರು. ಆತ ಮೆಲ್ಲಗೆ ಏಳುತ್ತಿದ್ದ.

“ಎಲ್ಲಿಗೆ ಹೊರಟ್ರಿ ಮಾವ? ಇದು ನೀವಲ್ವಾ?”

“ಕಣ್ಣು ಮಂಜು, ಕಾಣ್ಸಲ್ಲಮ್ಮ...”

“ಮದುವೆಯಾಗಿ ಐವತ್ತು ವರ್ಷ ಆಯ್ತು, ಆ ಕಿವಿ ನಂಗೆ ಗೊತ್ತಿಲ್ವಾ?” ಅತ್ತೆ ಗುಡುಗಿದಳು. “ನೀವೂ ಹೋಗಿದ್ರಾ?”

“ಬಾವಮೈದ ಕೈಹಿಡಿದು ಕರೆದ, ಹೋದೆ. ನಿಂಗೆ ಹೇಳಿದ್ರೆ ನಾನು ಉಳೀತಿದ್ನಾ?”

ಅಂಗಳವೆಲ್ಲ ನಕ್ಕಿತು. ಮೊರೆನಿಕೆ ಮಾತ್ರ ನಗಲಿಲ್ಲ. ಈಗ ತಾನು ಬಾಯಿ ಮುಚ್ಚಿಕೊಂಡರೂ, ಮಾವನ ಸಾಕ್ಷಿಯಿಂದ ಇಬಿಡುನ್‌ಗೆ ಅರ್ಧ ನ್ಯಾಯ ಸಿಕ್ಕೀತು. ಸ್ಟುಡಿಯೊದ ಹೆಸರೂ ಉಳಿದೀತು. ಆದರೆ ಮೊರೆನಿಕೆಗೆ ಅರ್ಧ ಬೇಕಿರಲಿಲ್ಲ.

“ಎಲ್ಲರೂ ಒಲಗೋಕೆ ಮುಖ ಒಂದನ್ನೇ ನೋಡಿದ್ವಿ. ಮೋಸ ಮಾಡೋನು ಒಂದು ಮುಖ ಅಳಿಸ್ತಾನೆ. ಇಲ್ಲಿ ಎಲ್ಲರ ಗೀರೂ ಹೋಗಿದೆ. ಯಾಕೆ? ಚೌಕಗಳ ಅಂಚು ಕಾಣದ ಹಾಗೆ ಚಿತ್ರ ಸವರೋ ಫಿಲ್ಟರ್ ಒಂದಿದೆ. ಇದಕ್ಕೂ ಮುಂಚೆ ಮಾಡಿದ ಮದುವೆ ವಿಡಿಯೊದಲ್ಲಿ ಮದುಮಗಳ ಮೊಡವೆ ಕಾಣ್ಬಾರ್ದು ಅಂತ ಅದನ್ನ ತುದೀತನಕ ಏರಿಸಿಟ್ಟಿದ್ದೆ. ಈ ಡಿಸ್ಕಿಗೆ ಅದನ್ನ ಇಳಿಸೋದು ಮರೆತೆ. ಅದು ಅಂಚಿನ ಗೆರೆ ಯಾವ್ದು, ಕೆನ್ನೆಯ ಗೆರೆ ಯಾವ್ದು ಅಂತ ನೋಡ್ಲಿಲ್ಲ. ಕಳ್ಳ ಬೇರೆಲ್ಲೂ ಇಲ್ಲ, ನಾನೇ.”

ನಾಚಿಕೆಯಿಂದ ಮುಖ ಕಾದಿತ್ತು. ಆದರೂ ಅವಳು ಮೂಲ ಡಿಸ್ಕನ್ನು ಹಾಕಿ, ಫಿಲ್ಟರನ್ನು ಚೌಕಗಳ ಅಂಚಿಗಷ್ಟೇ ತಾಗುವಂತೆ ಇಳಿಸಿ, ಆ ಒಂದು ನಿಮಿಷದ ದೃಶ್ಯವನ್ನು ಎಲ್ಲರೆದುರೇ ಮತ್ತೆ ಪರಿವರ್ತಿಸಿದಳು. ಅಲ್ಲಲ್ಲಿ ಚೌಕದ ನೆರಳು ಉಳಿಯಿತು. ಆದರೆ ಒಲಗೋಕೆಯ ಕೆನ್ನೆಯ ಮೇಲೆ ಒಂದು, ಎರಡು, ಮೂರು ಗೀರು.

ಅತ್ತೆ ಪರದೆಯ ಹತ್ತಿರ ಹೋಗಿ ಬೆರಳಿಟ್ಟಳು. ತಮ್ಮ ಸತ್ತ ದಿನವೂ ಅಳದವಳು ಈಗ ಬಿಕ್ಕಿದಳು. ಲಾಡೆಜೋ ಬಾಯಿ ತೆರೆಯುವಷ್ಟರಲ್ಲಿ ಊರುಗೋಲು ಅವನತ್ತ ತಿರುಗಿತು.

“ಸರ್ಕೊಳ್ಳೋ ಆ ಕಡೆ. ನಿನ್ನ ತಂಗಿಗೆ ಜಾಗ ಬಿಡು.”